ಒಂದೇ ಅಚ್ಚು, ಮೂರು ಬಣ್ಣ: ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್

ಬಣ್ಣ ಬೇರೆ ಅನ್ನೋ ಒಂದೇ ಕಾರಣಕ್ಕೆ ಅದೇ ಆಟಿಕೆಯನ್ನು ಮೂರು ಸಲ ಕೊಳ್ಳಬೇಕಾ? ಮಡಚಿ ಬಿಚ್ಚಿದರೆ ವಾಹನ, ವಿಮಾನಗಳು ರೋಬೋ ಆಗುವ ಟ್ರಾನ್ಸ್‌ಫಾರ್ಮರ್ಸ್ ಆಟಿಕೆ ಕೂಡಿಡುವವರಿಗೆ ಮನೆಯವರಿಂದ ಈ ಪ್ರಶ್ನೆ ತಪ್ಪಿದ್ದಲ್ಲ, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ನನ್ನ ಹತ್ತಿರ ಇರುವ ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಎರಡು ವಾರ ದಿನಾ ಸಂಜೆ ಮಡಚಿ, ಬಿಚ್ಚಿ, ಅಕ್ಕಪಕ್ಕ ನಿಲ್ಲಿಸಿ ನೋಡಿದೆ.

ಇವುಗಳ ಮೂಲ ಜಪಾನಿನದು. ಎಂಬತ್ತರ ದಶಕದ ಆರಂಭದಲ್ಲಿ ಟಕಾರಾ ಕಂಪನಿ ತನ್ನ ಡಯಾಕ್ಲೋನ್ ಸಾಲಿನಲ್ಲಿ ಎಫ್-15 ಯುದ್ಧವಿಮಾನ ರೋಬೋ ಆಗುವ ಆಟಿಕೆ ತಂದಿತ್ತು. 1984ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಅದೇ ಅಚ್ಚನ್ನು ಟ್ರಾನ್ಸ್‌ಫಾರ್ಮರ್ಸ್ ಹೆಸರಲ್ಲಿ ಮಾರಿತು. ಬೂದು-ಕೆಂಪು-ನೀಲಿಯದು ಸ್ಟಾರ್‌ಸ್ಕ್ರೀಮ್, ನೀಲಿಯದು ಥಂಡರ್‌ಕ್ರ್ಯಾಕರ್, ಕಪ್ಪು-ನೇರಳೆಯದು ಸ್ಕೈವಾರ್ಪ್. ಇವತ್ತಿಗೂ ಕಾಕ್‌ಪಿಟ್ ಮುಚ್ಚಳ ಎತ್ತಿದರೆ ಒಳಗೆ ಜಾಗ ಇದೆ. ಡಯಾಕ್ಲೋನ್ ಕಾಲದಲ್ಲಿ ಅಲ್ಲಿ ಪುಟ್ಟ ಪೈಲಟ್ ಕೂರುತ್ತಿದ್ದ. ಟ್ರಾನ್ಸ್‌ಫಾರ್ಮರ್ಸ್‌ನ ಹೊಸ ಕಥೆಯಲ್ಲಿ ರೋಬೋಗೇ ಜೀವ ಬಂದು ಸೀಟು ಖಾಲಿ ಉಳಿಯಿತು. ಆ ಖಾಲಿ ಸೀಟು ನೋಡಿದಾಗಲೆಲ್ಲ ನನಗೆ ಏನೋ ಒಂಥರಾ ಪ್ರೀತಿ ಉಕ್ಕುತ್ತದೆ.

ನನ್ನಲ್ಲಿರುವ ಸ್ಟಾರ್‌ಸ್ಕ್ರೀಮ್ ಮತ್ತು ಸ್ಕೈವಾರ್ಪ್ ಹಳೇ ಅಚ್ಚಿನ ಮರುಬಿಡುಗಡೆಗಳು. ಥಂಡರ್‌ಕ್ರ್ಯಾಕರ್ ಸೆಕೆಂಡ್ ಹ್ಯಾಂಡ್, ಯಾರೋ ಚೆನ್ನಾಗಿ ಆಡಿ ಸವೆಸಿದ್ದು. ಹಾಗಾಗಿ ಕೀಲುಗಳ ಬಿಗಿ-ಸಡಿಲವನ್ನು ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಅದು ಬಣ್ಣದ ತಪ್ಪಲ್ಲ, ವಯಸ್ಸಿನದು.

ವಿನ್ಯಾಸದ ಜಾಣತನ ಇರುವುದು ವಿಮಾನದ ಆಯ್ಕೆಯಲ್ಲೇ. ಎಫ್-15ಕ್ಕೆ ಎರಡು ಎಂಜಿನ್. ಹಿಂಭಾಗವನ್ನು ನಡುವೆ ಸೀಳಿದರೆ ಸಹಜವಾಗಿ ಎರಡು ಕಾಲು. ಕಾಕ್‌ಪಿಟ್ ಎದೆಯಾಗುತ್ತದೆ, ಮೂತಿ ಹಿಂದಕ್ಕೆ ಮಡಚಿಕೊಂಡು ಮುಖ ಕಾಣುತ್ತದೆ. ಮುಷ್ಟಿ, ಕ್ಷಿಪಣಿ ಹಾರಿಸುವ ಕೊಳವೆ, ರೆಕ್ಕೆ ಎಲ್ಲ ಬಿಡಿ ಭಾಗಗಳು, ಕೈಯಿಂದ ಸಿಕ್ಕಿಸಬೇಕು. ಮೂರರಲ್ಲೂ ಹೆಜ್ಜೆಗಳು ಅವೇ, ಆದರೆ ಕೈಗೆ ಸಿಗುವ ಅನುಭವ ಬೇರೆ ಬೇರೆ.

ರೋಬೋ ಆಗಿ ನಿಲ್ಲಿಸಿದಾಗ ಸ್ಟಾರ್‌ಸ್ಕ್ರೀಮ್‌ನ ಮುಂದೆ ಉಳಿದೆರಡು ನಿಲ್ಲುವುದಿಲ್ಲ. ಬೂದು ಮೈಯಲ್ಲಿ ಕೆಂಪು, ನೀಲಿ ತುಂಡು ತುಂಡಾಗಿ ಬಂದು ಎದೆ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಅನ್ನುವುದು ಕೋಣೆಯ ಆ ತುದಿಯಿಂದಲೂ ಗೊತ್ತಾಗುತ್ತದೆ. ಅಣ್ಣನ ಮಗಳಿಗೆ ಒಂಬತ್ತು ವರ್ಷ. ಕಾಗದದ ಸೂಚನೆ ಕೊಡದೆ ಅವಳ ಕೈಗೆ ಮೂರನ್ನೂ ಒಂದೊಂದಾಗಿ ಕೊಟ್ಟೆ. ಪಕ್ಷಪಾತ ಬೇಡವೆಂದು ಮೊದಲು ಕೊಟ್ಟದ್ದು ಕಪ್ಪನ್ನು. ಅದರಲ್ಲಿ ಕಾಲು ಸೀಳುವ ಗೆರೆ ಹುಡುಕಲಾಗದೆ, "ಚಿಕ್ಕಪ್ಪ, ಇದು ಬಿಚ್ಚೋದೇ ಇಲ್ಲ" ಅಂತ ಕೆಳಗಿಟ್ಟಳು. ಸ್ಟಾರ್‌ಸ್ಕ್ರೀಮ್ ಕೊಟ್ಟಾಗ ಬಣ್ಣ ಬದಲಾಗುವ ಕಡೆಯೆಲ್ಲ ಉಗುರು ಹಾಕಿ ನೋಡಿ, ತಾನೇ ದಾರಿ ಕಂಡುಕೊಂಡಳು. ಬಣ್ಣ ಹೀಗೂ ಕೆಲಸ ಮಾಡುತ್ತದೆ ಅಂತ ಅವಳು ತೋರಿಸುವ ತನಕ ನನಗೆ ಹೊಳೆದಿರಲಿಲ್ಲ.

ಆದರೆ ವಿಮಾನ ಮಾಡಿದ ಕೂಡಲೇ ಲೆಕ್ಕ ತಿರುಗಿಬಿಡುತ್ತದೆ. ಸ್ಟಾರ್‌ಸ್ಕ್ರೀಮ್‌ನ ಆ ಕೆಂಪು-ನೀಲಿ ತುಂಡುಗಳೇ ರೋಬೋದ ಗುಟ್ಟು ಬಿಟ್ಟುಕೊಡುತ್ತವೆ. ಇದು ತೋಳು, ಇದು ಪಾದ ಅಂತ ಕಣ್ಣು ಗುರುತಿಸುತ್ತಲೇ ಇರುತ್ತದೆ. ಥಂಡರ್‌ಕ್ರ್ಯಾಕರ್‌ನ ನೀಲಿ ಮಾತ್ರ ಮೂತಿಯಿಂದ ಬಾಲದವರೆಗೆ ಮೈಯನ್ನು ಒಂದಾಗಿ ಹಿಡಿದಿಡುತ್ತದೆ. ಅವಳಿ ಬಾಲ, ಅಗಲ ರೆಕ್ಕೆ, ಪಕ್ಕದ ಗಾಳಿಗಿಂಡಿಗಳು ಆಗ ಎದ್ದು ಕಾಣುತ್ತವೆ. ಸ್ಟಾರ್‌ಸ್ಕ್ರೀಮ್‌ನಲ್ಲಿ ನಾನು ವರ್ಷಗಟ್ಟಲೆ ಗಮನಿಸದ ರೆಕ್ಕೆಯ ಓರೆಯನ್ನು ಈ ನೀಲಿಯಲ್ಲಿ ಮೊದಲ ದಿನವೇ ಕಂಡೆ. ಬೆಳಗಿನ ಬಿಸಿಲಿಗೆ ಕಿಟಕಿಯ ಹತ್ತಿರ ಹಿಡಿದರೆ ಪ್ಯಾನೆಲ್ ಗೆರೆಗಳ ನೆರಳು ಒಂದೊಂದಾಗಿ ಬೀಳುತ್ತದೆ. ಹಿಡಿದು ನೋಡಿ ತಕ್ಷಣ ಒಳಗಿಡಿ. ಬಿಸಿಲಲ್ಲೇ ಬಿಟ್ಟರೆ ಹಳೇ ಪ್ಲಾಸ್ಟಿಕ್‌ನ ಬಣ್ಣ ಕೆಡುತ್ತದೆ, ಬಿಳಿ-ಬೂದು ಭಾಗಗಳು ಹಳದಿಗಟ್ಟುತ್ತವೆ.

ಸ್ಕೈವಾರ್ಪ್ ವಿಷಯದಲ್ಲಿ ನನಗೆ ಬೇಸರವಿದೆ, ಯಾಕೆಂದರೆ ಕೊಳ್ಳುವಾಗ ಹೆಚ್ಚು ಆಸೆಪಟ್ಟಿದ್ದು ಇದನ್ನೇ. ಕಪ್ಪಿನ ಪಕ್ಕದ ಆ ನೇರಳೆ ಫೋಟೋದಲ್ಲಿ ಬಹಳ ಚೆಂದ ಕಾಣುತ್ತದೆ. ಕೈಯಲ್ಲಿ ಮಾತ್ರ ಕಪ್ಪು ಎಲ್ಲವನ್ನೂ ನುಂಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಗೆರೆಗಳೇ ಕಾಣುವುದಿಲ್ಲ. ಕಾಣುವುದು ಬೆರಳಚ್ಚು, ದೂಳು, ಮತ್ತು ಬಿಡಿ ಭಾಗ ಸಿಕ್ಕಿಸುವಾಗ ಬಿದ್ದ ಸಣ್ಣ ಗೀರುಗಳು. ಮೆತ್ತನೆ ಬ್ರಷ್‌ನಿಂದ ಎರಡು ದಿನಕ್ಕೊಮ್ಮೆ ದೂಳು ತೆಗೆಯುತ್ತಿದ್ದೇನೆ. ಕಪಾಟಿನಲ್ಲಿ ಉಳಿದೆರಡರ ಹಿಂದೆ ನಿಲ್ಲಿಸಿದಾಗ ಮಾತ್ರ ಅದಕ್ಕೊಂದು ಗಾಂಭೀರ್ಯ ಬರುತ್ತದೆ. ಮುಂದಿನ ಎರಡರ ಬಣ್ಣವೂ ಅದರಿಂದ ಇನ್ನಷ್ಟು ಮೇಲೇಳುತ್ತದೆ.

1985ರಲ್ಲಿ ಇದೇ ಅಚ್ಚನ್ನು ತುಸು ಬದಲಿಸಿ ತಂದ ರಾಮ್‌ಜೆಟ್, ಥ್ರಸ್ಟ್, ಡರ್ಜ್‌ಗಳನ್ನು ಈ ಸಾಲಿಗೆ ಸೇರಿಸಿಲ್ಲ. ಅವುಗಳ ರೆಕ್ಕೆಯೇ ಬೇರೆ, ಮೂತಿಯೂ ತಲೆಯ ಮೇಲೆ ಶಂಕುವಿನಂತೆ ನಿಲ್ಲುತ್ತದೆ. ಅಲ್ಲಿ ಬದಲಾಗಿರುವುದು ಬಣ್ಣ ಒಂದೇ ಅಲ್ಲ.

ಒಂದನ್ನೇ ಕೊಳ್ಳುವವರಿಗೆ, ಅದರಲ್ಲೂ ಮಗುವಿನ ಕೈಗೆ ಹೋಗುವುದಾದರೆ, ಸ್ಟಾರ್‌ಸ್ಕ್ರೀಮ್ ಕೊಳ್ಳಿ ಅನ್ನುತ್ತೇನೆ. ಪುಟ್ಟ ಕ್ಷಿಪಣಿಗಳನ್ನು ತೆಗೆದಿಟ್ಟು ಕೊಡಿ, ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡಾರು. ಎರಡನೆಯದಕ್ಕೆ ದುಡ್ಡು ಕೂಡಿದರೆ ಹಿಂದೆಮುಂದೆ ನೋಡದೆ ಥಂಡರ್‌ಕ್ರ್ಯಾಕರ್, ಅದೂ ವಿಮಾನದ ರೂಪದಲ್ಲೇ ಇಟ್ಟುಕೊಳ್ಳಲು. ಸ್ಕೈವಾರ್ಪ್ ಬೇಕೇ ಬೇಕು ಅನಿಸಿದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಯಾರ ಹತ್ತಿರವಾದರೂ ಇದ್ದರೆ ಒಂದು ಸಂಜೆ ಹೋಗಿ ಕೈಯಲ್ಲಿ ಹಿಡಿದು ಮಡಚಿ ನೋಡಿ.