ಹಳೇ ಮನೆ ಗೋಡೆಗೆ ಸಿಮೆಂಟ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಶಿರಸಿ ಹತ್ತಿರದ ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹಂಚು. ಒಳಗೆ ಕತ್ತಲೆ ಜಾಸ್ತಿ, ಗೋಡೆಗೆ ಒರಗಿದರೆ ಅಂಗಿಯೆಲ್ಲ ಬಿಳಿ. ತಂಗಿ ಮದುವೆಗೆ ಮುಂಚೆ ಒಳಗೆ ಸ್ವಲ್ಪ ಹೊಸದು ಮಾಡೋಣ, ಜಗುಲಿ, ಕಂಬ, ಬಾಗಿಲು ಹಾಗೇ ಇರಲಿ ಅಂದುಕೊಂಡೆವು.

ಇಂಟೀರಿಯರ್ ಕೆಲಸದವರು ಮೊಬೈಲಿನಲ್ಲಿ ಚಂದ ಚಂದ ಫೋಟೋ ತೋರಿಸಿದರು. ಗೋಡೆ ಗುದ್ದಿ ನೋಡಿ, "ಗಾರೆ ಎಲ್ಲ ಸತ್ತುಹೋಗಿದೆ ಸರ್. ಕೆತ್ತಿ ಸಿಮೆಂಟ್ ಮಾಡಿ ಪುಟ್ಟಿ ಹೊಡೆದರೆ ಮತ್ತೆ ತಿರುಗಿ ನೋಡೋದೇ ಬೇಡ" ಅಂದರು. ಹಾಗೇ ಮಾಡಿಸಿದೆವು. ಮದುವೆಗೆ ಬಂದವರೆಲ್ಲ ಹೊಗಳಿದರು. ಆಯಿ ಮಾತ್ರ "ಒಂದು ಮಳೆಗಾಲ ಕಳೀಲಿ" ಅಂದಳು.

ಪುನರ್ವಸು ಮಳೆ ಹೊತ್ತಿಗೆ ನಡುಮನೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಬೆರಳಿಟ್ಟರೆ ಒಡೆದು ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಕಾರಣ ಆಮೇಲೆ ತಿಳೀತು. ಚಿರೆಕಲ್ಲು ನೀರು ಕುಡಿಯುವ ಕಲ್ಲು. ನೆಲದ ತೇವ ಅದರೊಳಗೆ ಮೇಲೇರುತ್ತದೆ, ಸುಣ್ಣದ ಗಾರೆ ಅದನ್ನು ಮೆಲ್ಲಗೆ ಹೊರಗೆ ಬಿಡುತ್ತದೆ. ಸಿಮೆಂಟ್, ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವಕ್ಕೆ ದಾರಿಯೇ ಇಲ್ಲ. ದುಡ್ಡು ಸಾಲದೆ ಬಿಟ್ಟ ಉಗ್ರಾಣದ ಗೋಡೆ ಇವತ್ತಿಗೂ ಗಟ್ಟಿಯಾಗಿದೆ!

ಜೊತೆಗೇ ಹಂಚಿನ ಕೆಳಗೆ ಹಾಕಿಸಿದ ಫಾಲ್ಸ್ ಸೀಲಿಂಗ್‌ದು ಇನ್ನೊಂದು ಕತೆ. ಮೊದಲು ಮಂಗ ಹಂಚು ಸರಿಸಿ ಹೋದರೆ ಕೆಳಗಿನಿಂದಲೇ ಬೆಳಕಿನ ಕಿಂಡಿ ಕಾಣುತ್ತಿತ್ತು, ಕೋಲಿನಿಂದ ದೂಡಿದರೆ ಮುಗೀತು. ಈಗ ಜಿಪ್ಸಂ ಹಲಗೆಯಲ್ಲಿ ಹಳದಿ ಕಲೆ ಮೂಡಿದ ಮೇಲೇ ಗೊತ್ತಾಗೋದು. ಒಂದು ಮೂಲೆ ನೆನೆದು ಟಿವಿ ಮೇಲೇ ಬಿತ್ತು. ಉಳಿದದ್ದನ್ನು ಬಿಚ್ಚಿಸಿದರೆ ಪಕಾಸಿಗೆ (ಹಂಚಿನ ಕೆಳಗಿನ ಮರದ ಪಟ್ಟಿಗೆ) ಗೆದ್ದಲು. ಮೊದಲು ಅಲ್ಲಿ ಗಾಳಿ ಆಡುತ್ತಿತ್ತು, ಒಲೆ ಹೊಗೆ ತಾಗುತ್ತಿತ್ತು, ಅಲ್ವಾ.

ಇಂಟೀರಿಯರ್‌ನವರಿಗೆ ಫೋನ್ ಮಾಡಿದರೆ "ಅದು ನಿಮ್ಮ ಕಲ್ಲಿನ ಪ್ರಾಬ್ಲಮ್ ಸರ್" ಅನ್ನುವ ಉತ್ತರ. ಬರವಣಿಗೆಯಲ್ಲಿ ಏನೂ ಇಲ್ಲ, ದುಡ್ಡು ಪೂರ್ತಿ ಕೊಟ್ಟಾಗಿತ್ತು. ತಪ್ಪು ನಮ್ಮದೂ ಇದೆ ಬಿಡಿ.

ನೀವು ಕೈ ಹಾಕುವುದಾದರೆ ಮೊದಲು ಒಂದೇ ಕೋಣೆ ಮಾಡಿಸಿ, ಒಂದು ಮಳೆಗಾಲ ಬಿಟ್ಟು ನೋಡಿ. ಕೊನೇ ಕಂತೂ ಮಳೆ ಮುಗಿದ ಮೇಲೇ ಕೊಡಿ, ಅದನ್ನು ಮೊದಲೇ ಬರೆಸಿಕೊಳ್ಳಿ. ಗಾರೆ ಸಡಿಲಾದಲ್ಲಿ ಸುಣ್ಣದ್ದನ್ನೇ ಹಾಕಿಸಿ. ಸುಣ್ಣದ ಕೆಲಸ ಗೊತ್ತಿರುವ ಹಳೇ ಮೇಸ್ತ್ರಿಗಳು ಹುಡುಕಿದರೆ ಸಿಗುತ್ತಾರೆ. ವೈರಿಂಗ್‌ಗೆ ಗೋಡೆ ಕೊರೆಸಬೇಡಿ, ಮೇಲೇ ಪಟ್ಟಿ ಹೊಡೆಸಿ. ಬೆಳಕಿಗೆ ನಾಲ್ಕು ಗಾಜಿನ ಹಂಚು ಸಾಕಿತ್ತು ಅಂತ ನಮಗೆ ಈಗ ಹೊಳೆದಿದೆ.

ಸದ್ಯ ಸಿಮೆಂಟ್ ಕೆತ್ತಿಸುತ್ತಿದ್ದೇವೆ. ಅದರ ಜೊತೆ ಚಿರೆಕಲ್ಲಿನ ಮುಖವೂ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತಿದೆ. ದಿನಕ್ಕೆ ಅರ್ಧ ಗೋಡೆಯೂ ಆಗುತ್ತಿಲ್ಲ.