ಹಾರಾಟದ ಸಮಯ: ಕ್ಯಾಲ್ಕ್ಯುಲೇಟರ್ ನಂಬಬೇಕೋ, ವೇಳಾಪಟ್ಟಿ ನೋಡಬೇಕೋ?

ಎರಡು ನಗರಗಳ ನಡುವಿನ ಅಂತರ, ಹಾರಾಟದ ಸಮಯ ತಿಳಿಯಲು ನಾಲ್ಕು ದಾರಿಗಳಿವೆ: ನಕ್ಷೆಯ ಮೇಲೆ ಗೆರೆ ಎಳೆಯುವುದು, ಅಂತರದ ಕ್ಯಾಲ್ಕ್ಯುಲೇಟರ್, ವಿಮಾನದ ವೇಳಾಪಟ್ಟಿ, ಫ್ಲೈಟ್ ಟ್ರ್ಯಾಕರ್ (ವಿಮಾನಗಳು ನಿಜವಾಗಿ ಹಾರಿದ ದಾರಿ, ಸಮಯ ತೋರಿಸುವ ಜಾಲತಾಣ). ಲಂಡನ್–ನ್ಯೂಯಾರ್ಕ್ ಮಾರ್ಗಕ್ಕೆ ನಾಲ್ಕನ್ನೂ ಹಚ್ಚಿ ನೋಡಿದರೆ ಉತ್ತರಗಳು ಹೊಂದುವುದೇ ಇಲ್ಲ.

ನಕ್ಷೆಯ ಗೆರೆ ಎಲ್ಲಕ್ಕಿಂತ ದುರ್ಬಲ. ಗುಂಡಗಿನ ಭೂಮಿಯನ್ನು ಚಪ್ಪಟೆ ಆಯತವಾಗಿ ಹರಡಿದ ಮರ್ಕೇಟರ್ ನಕ್ಷೆಯ ನೇರ ಗೆರೆಯನ್ನೇ ದಾರಿ ಎಂದುಕೊಂಡರೆ ಸುಮಾರು 5,760 ಕಿ.ಮೀ. ಆಗುತ್ತದೆ. ಭೂಮಿ ಗುಂಡಗಿರುವುದರಿಂದ ಅತಿ ಹತ್ತಿರದ ದಾರಿಯಾದ ಗ್ರೇಟ್ ಸರ್ಕಲ್ ಉತ್ತರಕ್ಕೆ ಬಾಗುತ್ತದೆ. ಅದು ಸುಮಾರು 5,550 ಕಿ.ಮೀ. ಮಾತ್ರ.

ಕ್ಯಾಲ್ಕ್ಯುಲೇಟರ್ ಈ ಬಾಗುದಾರಿಯನ್ನೇ ಲೆಕ್ಕ ಹಾಕುತ್ತದೆ, ಹಾಗಾಗಿ ಅಂತರದ ಮಟ್ಟಿಗೆ ಅದನ್ನು ನಂಬಬಹುದು. ಅಕ್ಷಾಂಶ, ರೇಖಾಂಶಗಳಿಂದ ಈ ಅಂತರ ಕಂಡುಹಿಡಿಯುವ ಹ್ಯಾವರ್ಸೈನ್ ಸೂತ್ರವನ್ನು ಸ್ಪ್ರೆಡ್‌ಶೀಟ್‌ನಲ್ಲಿ ನೀವೇ ಬರೆದುಕೊಳ್ಳುವುದಾದರೆ ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಳ್ಳಿ, ಡಿಗ್ರಿಗಳನ್ನು ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆ) ಬದಲಿಸಿ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಚಿಹ್ನೆ ಬೇಕೇ ಬೇಕು. ಮರೆತರೆ ನ್ಯೂಯಾರ್ಕ್ ಹೋಗಿ ಕಿರ್ಗಿಸ್ತಾನದಲ್ಲಿ ಕೂರುತ್ತದೆ. ಭೂಮಿ ಪೂರ್ತಿ ಗೋಳವಲ್ಲವಾದ್ದರಿಂದ ಅರ್ಧ ಶೇಕಡಾದಷ್ಟು ವ್ಯತ್ಯಾಸ ಬರಬಹುದು, ಪ್ರಯಾಣಕ್ಕೆ ಅದು ಲೆಕ್ಕಕ್ಕಿಲ್ಲ.

ಕ್ಯಾಲ್ಕ್ಯುಲೇಟರ್ ಎಡವುವುದು ಸಮಯದಲ್ಲಿ. ಬರೀ ಅಂತರವನ್ನು ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿದರೆ 300 ಕಿ.ಮೀ. ಹಾರಾಟ 21 ನಿಮಿಷದಲ್ಲಿ ಮುಗಿದುಹೋಗುತ್ತದೆ! ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ, ರನ್‌ವೇವರೆಗೆ ಉರುಳಿ ಸಾಗುವ ಹೊತ್ತೂ ಇದೆ. ಭಾಗಿಸಿದ ಮೇಲೆ 30 ನಿಮಿಷ ಸೇರಿಸಿದರೆ ಒರಟು ಅಂದಾಜು ಸಿಗುತ್ತದೆ. ಲಂಡನ್–ನ್ಯೂಯಾರ್ಕ್‌ಗೆ ಹೀಗೆ ಸುಮಾರು 7 ಗಂಟೆ ಬರುತ್ತದೆ, ಹೋಗಲಿಕ್ಕೂ ಬರಲಿಕ್ಕೂ ಅಷ್ಟೇ. ವೇಳಾಪಟ್ಟಿಯಲ್ಲಿ ಪೂರ್ವಕ್ಕೆ ಬರುವ ವಿಮಾನಕ್ಕೆ ಸುಮಾರು 7 ಗಂಟೆ, ಪಶ್ಚಿಮಕ್ಕೆ ಹೋಗುವುದಕ್ಕೆ ಸುಮಾರು 8 ಗಂಟೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಒಂದು ಕಡೆ ತಳ್ಳುತ್ತದೆ, ಇನ್ನೊಂದು ಕಡೆ ತಡೆಯುತ್ತದೆ.

ಆದ್ದರಿಂದ ಪ್ರಯಾಣಕ್ಕೆ ನನ್ನ ಆಯ್ಕೆ ವೇಳಾಪಟ್ಟಿ. ಅದರ ಸಮಯ ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನದು. ಗಾಳಿ, ದಟ್ಟಣೆ, ತಡಕ್ಕೆಂದು ಇಟ್ಟ ಒಂದಿಷ್ಟು ಹೆಚ್ಚುವರಿ ನಿಮಿಷ ಎಲ್ಲವೂ ಅದರಲ್ಲಿ ಸೇರಿರುತ್ತವೆ. ತೊಡಕು ಒಂದೇ: ಹೊರಡುವ, ತಲುಪುವ ಎರಡೂ ಸಮಯಗಳು ಆಯಾ ಊರಿನವು. ಲಂಡನ್‌ನಲ್ಲಿ 14:00ಕ್ಕೆ ಹೊರಟು ನ್ಯೂಯಾರ್ಕ್‌ನಲ್ಲಿ 17:00ಕ್ಕೆ ಇಳಿದರೆ ಅದು 3 ಗಂಟೆಯ ಹಾರಾಟವಲ್ಲ; 5 ಗಂಟೆ ಸೇರಿಸಿ, 8 ಆಗುತ್ತದೆ. ಮಾರ್ಚ್‌ನಲ್ಲಿ ಅಮೆರಿಕ ಗಡಿಯಾರವನ್ನು ಬ್ರಿಟನ್‌ಗಿಂತ ಮೊದಲೇ ಮುಂದೆ ತಿರುಗಿಸುತ್ತದೆ, ಆ ಎರಡು ಮೂರು ವಾರ ವ್ಯತ್ಯಾಸ 4 ಗಂಟೆ ಮಾತ್ರ. ಅಭ್ಯಾಸಬಲದಿಂದ 5 ಸೇರಿಸಿದರೆ ಲೆಕ್ಕ ಒಂದು ಗಂಟೆ ತಪ್ಪುತ್ತದೆ. ಎರಡೂ ಸಮಯಗಳನ್ನು ಮೊದಲು ಯುಟಿಸಿಗೆ (ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ ಸಮಯ) ಬದಲಿಸಿ ಕಳೆಯುವುದು ಕ್ಷೇಮ.

ಟ್ರ್ಯಾಕರ್‌ನ ಉಪಯೋಗ ಬೇರೆ. ಅದು ತೋರಿಸುವ, ಟೇಕಾಫ್‌ನಿಂದ ನೆಲ ಮುಟ್ಟುವವರೆಗಿನ ಸಮಯವನ್ನು ವೇಳಾಪಟ್ಟಿಯ ಪಕ್ಕದಲ್ಲಿಟ್ಟರೆ ಅದು ಕಡಿಮೆ ಕಾಣುವುದು ಸಹಜ. ಒಂದೇ ದಿನದ ದಾಖಲೆ ಸಾಲದು, ಒಂದು ವಾರದ್ದನ್ನಾದರೂ ನೋಡಬೇಕು. ಸುತ್ತುದಾರಿ ಕಣ್ಣಿಗೆ ಬೀಳುವುದು ಇಲ್ಲೇ. ಹೆಲ್ಸಿಂಕಿ–ಟೋಕಿಯೋ ಸುಮಾರು 7,800 ಕಿ.ಮೀ., 850ರಿಂದ ಭಾಗಿಸಿ 30 ನಿಮಿಷ ಸೇರಿಸುವ ಲೆಕ್ಕದ ಪ್ರಕಾರ ಒಂಬತ್ತೂವರೆ ಗಂಟೆ ಚಿಲ್ಲರೆ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಅದೇ ಹಾರಾಟಕ್ಕೆ ಸುಮಾರು 13 ಗಂಟೆ ಹಿಡಿಯುತ್ತಿದೆ. ಕ್ಯಾಲ್ಕ್ಯುಲೇಟರ್ ಮಾತ್ರ ಇಂದಿಗೂ ಹಳೆಯ ಉತ್ತರವನ್ನೇ ಕೊಡುತ್ತದೆ.