ಎರಡೂವರೆ ವರ್ಷದಲ್ಲಿ ಎರಡು ಸಲ ಕೈಕೊಟ್ಟ ಕಾಫಿ ಗ್ರೈಂಡರ್

ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಹೊಲಿಗೆ ಮಿಷನ್ ಜೊತೆಗೆ ಕಾಫಿ ಗ್ರೈಂಡರಿಗೂ ಅರಿಶಿನ ಕುಂಕುಮ ಇಟ್ಟಿದ್ದೆವು. ಮಾರನೇ ದಿನ ವಿಜಯದಶಮಿ. ಜಂಬೂಸವಾರಿ ನೋಡೋಕೆ ಬಂದ ನೆಂಟರೂ ಸೇರಿ ಮನೆಯಲ್ಲಿ ಹನ್ನೊಂದು ಜನ. ಬೆಳಿಗ್ಗೆ ಐದೂ ಮುಕ್ಕಾಲಿಗೆ, ಮೂರನೇ ಸಲ ಬೀಜ ತುಂಬಿ ಬಟನ್ ಒತ್ತಿದೆ. ಗರ್ರ್ ಅನ್ನಬೇಕಾದ ಗ್ರೈಂಡರ್ ಬರೀ ‘ಹೂಂ’ ಅಂದಿತು. ಇನ್ನೊಂದು ಸಲ ಒತ್ತಿದೆ. ಹೂಂ. ಆಮೇಲೆ ಅದೂ ಇಲ್ಲ. ಕುಂಕುಮ ಮಾತ್ರ ಹಾಗೇ ಇತ್ತು. ಅಮ್ಮ ದೇವರ ಮನೆಯಿಂದಲೇ ಕೇಳಿದರು, “ಮತ್ತೆ ಹೋಯ್ತೇನೋ?”

ಆ ‘ಮತ್ತೆ’ ಅನ್ನೋ ಪದದಿಂದಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆರೂವರೆ ಸಾವಿರ ಕೊಟ್ಟು ತಂದ ಗ್ರೈಂಡರ್. ಬ್ಲೇಡಿನದ್ದಲ್ಲ, ಬರ್ ಇರುವುದು, ಅಂದರೆ ಬೀಜವನ್ನು ಎರಡು ಹಲ್ಲಿನ ಚಕ್ರಗಳ ನಡುವೆ ಅರೆಯುವಂಥದ್ದು. ಎಷ್ಟು ವ್ಯಾಟ್, ಎಷ್ಟು ಸೆಟ್ಟಿಂಗ್ ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. ತಂದದ್ದಕ್ಕೆ ಕಾರಣ ಚಿಕೋರಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟ್ ಇದ್ದರೆ ಸಾಕು ಅನ್ನುತ್ತದೆ ಕಾನೂನು. ಅಂದರೆ ಹೆಚ್ಚುಕಮ್ಮಿ ಅರ್ಧ ಪ್ಯಾಕೆಟ್ ಬೇರಿನ ಪುಡಿ! ನಮ್ಮ ಮನೆಗೆ ನೂರಕ್ಕೆ ಹದಿನೈದು ಸಾಕು. ಬೀಜ ತಂದು ಪುಡಿ ಮಾಡಿಕೊಂಡರೆ ಎಷ್ಟು ಬೇಕೋ ಅಷ್ಟೇ ಬೆರೆಸಬಹುದಲ್ವಾ?

ಶನಿವಾರ ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಹೂವು, ಎಲೆ ಮುಗಿಸಿಕೊಂಡು ಕಾಫಿ ಅಂಗಡಿಗೆ ಹೋಗುತ್ತೇನೆ. ಕಾಲು ಕೆಜಿ ಪೀಬೆರಿ, ಕಾಲು ಕೆಜಿ ಪ್ಲಾಂಟೇಷನ್ ಎ, ಎರಡೂ ಕಾಫಿ ಬೀಜದ ದರ್ಜೆಗಳು. ಅಂಗಡಿಯವರು ಈಗಲೂ ಪ್ರತಿ ಸಲ ಕೇಳುತ್ತಾರೆ, “ಪುಡಿ ಮಾಡೋದು ಬೇಡ್ವಾ ಸಾರ್?” ಬೇಡ. ಬೀಜ ಸ್ಟೀಲ್ ಡಬ್ಬಿಗೆ ಹೋಗುತ್ತದೆ. ಬೆಳಿಗ್ಗೆ ಒಂದು ಹಿಡಿ ಅಳೆದು ಹಾಕಿ ಬಟನ್ ಒತ್ತಿದರೆ ಅರ್ಧ ನಿಮಿಷದ ಕೆಲಸ. ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡೋದು ನನ್ನ ಚಟ. ಚಿರೋಟಿ ರವೆಗಿಂತ ಒಂಚೂರು ನುಣ್ಣಗೆ ಇದ್ದರೆ ಸರಿ. ಚಿಕೋರಿ ಬೆರೆಸಿ, ಫಿಲ್ಟರಿಗೆ ಹಾಕಿ, ಮೇಲೆ ಛತ್ರಿ ಇಟ್ಟು ಬಿಸಿನೀರು ಸುರಿದರೆ ಪುಡಿ ಉಬ್ಬಿ ಬರುತ್ತದೆ. ತಿಂಗಳ ಹಿಂದಿನ ಪುಡಿ ಹೀಗೆ ಉಬ್ಬಲ್ಲ. ಮೊದಲನೇ ಡಿಕಾಕ್ಷನ್ ಬಿಡಿ, ಎರಡನೇದೂ ಕುಡಿಯೋ ಹಾಗಿರುತ್ತದೆ. ಇದೊಂದು ಸುಖಕ್ಕೆ ನಾನು ಪೂರ್ತಿ ಸೋತಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಮೊದಲನೇ ಸಲ ಕೆಟ್ಟಿದ್ದು ಏಳನೇ ತಿಂಗಳಲ್ಲಿ. ಬೆಂಗಳೂರಿನಿಂದ ಬಂದ ಚಿಕ್ಕಪ್ಪನ ಮಗ ತಿಳಿಯಾಗಿ ಹುರಿದ ಬೀಜ ತಂದಿದ್ದ. ಬಣ್ಣ ಕಡಲೆಕಾಯಿ ಸಿಪ್ಪೆಯ ಹಾಗಿತ್ತು. ಹುರಿದದ್ದು ಕಮ್ಮಿ ಆದಷ್ಟೂ ಬೀಜ ಗಟ್ಟಿ. ನಮ್ಮ ಕಡೆಯ ಕಪ್ಪಗೆ ಹುರಿದ ಬೀಜ ಹಲ್ಲಲ್ಲೇ ಪುಡಿಯಾಗುತ್ತದೆ, ಅದು ಆಗಲ್ಲ. ಅದನ್ನು ನಮ್ಮ ನುಣ್ಣನೆ ಸೆಟ್ಟಿಂಗಿನಲ್ಲೇ ಹಾಕಿದೆ. ಬರ್ ಕಚ್ಚಿಕೊಂಡು ನಿಂತಿತು. ವಾರಂಟಿ ಇತ್ತು, ಮೂರು ವಾರ ಕಾಯಿಸಿ ಹೊಸದೇ ಕೊಟ್ಟರು. ಆಗ ಬೈದುಕೊಳ್ಳಲಿಲ್ಲ. ತಪ್ಪು ನನ್ನದೇ ಅಂದುಕೊಂಡೆ.

ದಸರಾ ಹೊತ್ತಿಗೆ ಕೊಂಡು ಹದಿನಾಲ್ಕು ತಿಂಗಳು. ವಾರಂಟಿ ಹನ್ನೆರಡು ತಿಂಗಳದ್ದು, ಅದೂ ಮೊದಲ ಬಿಲ್ಲಿನ ತಾರೀಖಿನಿಂದ. ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿ ಕೂಡ ನೋಡಲಿಲ್ಲ. “ಮೋಟರ್ ಬಿಡಿಯಾಗಿ ಬರಲ್ಲ ಸಾರ್, ಎಕ್ಸ್‌ಚೇಂಜಿನಲ್ಲಿ ಹೊಸದು ತಗೊಳ್ಳಿ” ಅಂದರು. ನೋಡದೆಯೇ ಮೋಟರ್ ಅಂತ ಹೇಗೆ ಗೊತ್ತಾಯಿತೋ!

ಸಿಟ್ಟಿನಲ್ಲಿ ಅದನ್ನು ಚೀಲಕ್ಕೆ ಹಾಕಿಕೊಂಡು ಅಗ್ರಹಾರದ ಕಡೆ ಒಂದು ಮಿಕ್ಸಿ ರಿಪೇರಿ ಅಂಗಡಿಗೆ ಹೋದೆ. ನಮ್ಮ ಮಿಕ್ಸಿಗೆ ಎರಡು ಸಲ ಕಾರ್ಬನ್ ಬ್ರಷ್ ಹಾಕಿಕೊಟ್ಟವರು. ಅಡಿಯ ಸ್ಕ್ರೂ ನಾಲ್ಕು ಬಿಚ್ಚಿದರೂ ಬಾಡಿ ಬಿಡಲಿಲ್ಲ. ಐದನೇದು ರಬ್ಬರ್ ಕಾಲಿನ ಒಳಗೆ ಅಡಗಿಸಿಟ್ಟಿದ್ದರು. ತೆಗೆದಾಗ ಕಂಡದ್ದು ನೋಡಿ ನಾಚಿಕೆಯಾಯಿತು. ಮೋಟರಿಗೆ ಗಾಳಿ ಹೋಗುವ ಕಿಂಡಿಗಳೆಲ್ಲ ಕಾಫಿ ಪುಡಿಯಿಂದ ಮುಚ್ಚಿಹೋಗಿದ್ದವು. ಎಣ್ಣೆ ಬಿಟ್ಟುಕೊಂಡ ಪುಡಿ ಗೋಡೆಗೆ ಮೆತ್ತಿದ ಸಗಣಿಯ ಹಾಗೆ ಕೂತಿತ್ತು. ಬರ್ ಕೆಳಗಿನ ಸಂದಿಯಿಂದ ದಿನಾ ಒಂದಿಷ್ಟು ಒಳಗೆ ಇಳಿದಿದೆ. ತಡೆಯೋಕೆ ಅಲ್ಲೊಂದು ವಾಷರ್ ಕೂಡ ಇಲ್ಲ.

ಅವರು ಮೀಟರ್ ಹಿಡಿದರು. ಮೋಟರಿಗೆ ಇಟ್ಟರೆ ಕೀ ಅಂತು. ಅದರ ಪಕ್ಕ ಬಿಳಿ ಕೊಳವೆಯೊಳಗಿದ್ದ ಲವಂಗದಷ್ಟು ಗಾತ್ರದ ಒಂದು ವಸ್ತುವಿಗೆ ಇಟ್ಟರೆ ಸದ್ದಿಲ್ಲ. “ಮೋಟರ್ ಚೆನ್ನಾಗಿದೆ ಸಾರ್. ಥರ್ಮಲ್ ಫ್ಯೂಸ್ ಹೋಗಿದೆ.”

ಬರ್ ಕಚ್ಚಿಕೊಂಡು ತಿರುಗದೆ ನಿಂತ ಮೋಟರ್, ತಿರುಗುವ ಮೋಟರಿಗಿಂತ ಎಷ್ಟೋ ಜಾಸ್ತಿ ಕರೆಂಟು ಎಳೆಯುತ್ತದೆ, ಬೇಗ ಕಾಯುತ್ತದೆ. ಅದು ಸುಟ್ಟುಹೋಗುವ ಮೊದಲು ಈ ಫ್ಯೂಸ್ ತಾನು ಸಾಯುತ್ತದೆ. ಒಳ್ಳೆಯದೇ. ಆದರೆ ಒಂದೇ ಸಲ. ನಮ್ಮ ಮಿಕ್ಸಿ ಅಡಿಯಲ್ಲಿ ಕೆಂಪು ಬಟನ್ ಇದೆಯಲ್ಲ, ಚಟ್ನಿಗೆ ಕಾಯಿ ಜಾಸ್ತಿಯಾಗಿ ನಿಂತರೆ ಐದು ನಿಮಿಷ ಬಿಟ್ಟು ಒತ್ತುತ್ತೇವೆ, ಮತ್ತೆ ಓಡುತ್ತದೆ. ಮೂರು ಸಾವಿರದ ಮಿಕ್ಸಿಗೆ ಇರುವ ಆ ಬಟನ್ ಆರೂವರೆ ಸಾವಿರದ ಗ್ರೈಂಡರಿಗೆ ಯಾಕಿಲ್ಲ? ನನ್ನ ದೂರು ಇಷ್ಟೇ.

ಫ್ಯೂಸ್ ತೆಗೆದು ನೇರ ಜೋಡಿಸಿಬಿಡಿ ಅಂದೆ. ಅವರು ಒಪ್ಪಲಿಲ್ಲ. “ಓಡುತ್ತೆ ಸಾರ್. ಇನ್ನೊಂದು ಸಲ ಸಿಕ್ಕಿಕೊಂಡಾಗ ಅಡುಗೆಮನೆ ತುಂಬ ಹೊಗೆ.” ಅಷ್ಟೇ ಡಿಗ್ರಿಯ ಹೊಸ ಫ್ಯೂಸ್ ಹುಡುಕಿ, ಅದರ ಕಾಲನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದುಕೊಂಡು ಬೆಸುಗೆ ಹಾಕಿದರು. ಇಕ್ಕಳ ಬಿಸಿ ಹೀರಿಕೊಳ್ಳದಿದ್ದರೆ ಬೆಸುಗೆಯ ಕಾವಿಗೇ ಹೊಸ ಫ್ಯೂಸೂ ಹೋಗಿಬಿಡುತ್ತದಂತೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಪುಡಿಯೆಲ್ಲ ತೆಗೆದರು. ಒಟ್ಟು ಇನ್ನೂರೈವತ್ತು ರೂಪಾಯಿ. ಆಗಲೇ ಅಡಿಯ ಚೀಟಿ ಓದಿದೆ, ಇರುವೆ ಅಕ್ಷರದಲ್ಲಿ: ಅರ್ಧ ನಿಮಿಷ ಓಡಿಸಿದರೆ ಎರಡು ನಿಮಿಷ ಬಿಡಿ. ವಿಜಯದಶಮಿ ಬೆಳಿಗ್ಗೆ ನಾನು ಬಿಟ್ಟದ್ದು ಬೀಜ ತುಂಬುವಷ್ಟು ಹೊತ್ತು ಮಾತ್ರ. ಹಾಗಾಗಿ ಬೈಗುಳದಲ್ಲಿ ನನ್ನ ಪಾಲೂ ಇದೆ.

ಅದಾಗಿ ಹದಿನಾರು ತಿಂಗಳು, ತೊಂದರೆ ಇಲ್ಲ. ಈಗ ಮೊದಲು ಮೋಟರ್ ಚಾಲೂ ಮಾಡಿ ಆಮೇಲೆ ಬೀಜ ಸುರಿಯುತ್ತೇನೆ. ಸೆಟ್ಟಿಂಗ್ ನುಣ್ಣಗೆ ತಿರುಗಿಸೋದೂ ಮೋಟರ್ ಓಡುತ್ತಿರುವಾಗಲೇ. ಚಿಕೋರಿ ತುಂಡು ಯಾವತ್ತೂ ಒಳಗೆ ಹಾಕಲ್ಲ, ತೇವ ಎಳೆದುಕೊಂಡು ಅಂಟುತ್ತದೆ. ಭಾನುವಾರ ಬರ್ ತೆಗೆದು ಒಣ ಬ್ರಷ್ ಆಡಿಸುತ್ತೇನೆ. ನೆಂಟರು ಬಂದರೆ ಅಂಗಡಿಯಲ್ಲೇ ಪುಡಿ ಮಾಡಿಸುತ್ತೇನೆ, ಅಂಗಡಿಯವರಿಗೂ ಖುಷಿ.

ಇಬ್ಬರು ಮೂವರ ಮನೆಗೆ, ದಿನಕ್ಕೆ ಎರಡು ಹೊತ್ತಿಗೆ ಪರವಾಗಿಲ್ಲ. ದೊಡ್ಡ ಸಂಸಾರಕ್ಕೆ ಬೇಡವೇ ಬೇಡ. ಕೊಳ್ಳುವ ಮೊದಲು ಮಗುಚಿ ಅಡಿ ನೋಡಿ, ಕೆಂಪು ಬಟನ್ ಇದ್ದರೆ ಐನೂರು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ನಾನಂತೂ ಅವತ್ತು ಎರಡು ಫ್ಯೂಸ್ ಜಾಸ್ತಿ ತಂದು ಸಾಂಬಾರ ಡಬ್ಬಿಗಳ ಪಕ್ಕ ಸಣ್ಣ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದರ ಮೇಲೆ ಅಮ್ಮ ಪೆನ್ನಿನಲ್ಲಿ ಬರೆದಿದ್ದಾರೆ: ‘ಲವಂಗ ಅಲ್ಲ’.